ವಲ್ಲಿಯೊಳಗಿನ ಕೈ

ಕಂಬಳಿ ಕೊಳ್ಳುವವರಿಗೆ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಬಣ್ಣ ನೋಡಬೇಡಿ, ಅಂಚು ನೋಡಬೇಡಿ. ಒಂದು ಮೂಲೆಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಉಜ್ಜಿ, ಮೂಸಿ ನೋಡಿ. ಕುರಿಯೇ ಬಂದು ಪಕ್ಕದಲ್ಲಿ ನಿಂತ ಹಾಗೆ ವಾಸನೆ ಬಂದರೆ ಅದು ಉಣ್ಣೆ. ಬರದಿದ್ದರೆ ಮಾರುವವನು ಎಷ್ಟೇ ಆಣೆ ಹಾಕಲಿ, ಎದ್ದು ಬನ್ನಿ.

ಈ ವರ್ಷ ಮೊದಲ ಸೋನೆ ಹಿಡಿದ ದಿನ ನಾನು ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಕೈ ಅಡ್ಡ ಹಾಕಿ ಹತ್ತಿದ ಕುರಿಗಾಹಿಯೊಬ್ಬನ ಕಂಬಳಿ ಪೂರ್ತಿ ನೆಂದಿತ್ತು. ಹತ್ತಿದ ಕೂಡಲೇ ಬಸ್ಸಿನ ತುಂಬಾ ಅದೇ ವಾಸನೆ. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಕಂಡಕ್ಟರ್, “ಕಂಬಳಿ ಹಿಂಡಿ ಹತ್ಬಾರ್ದೇನ್ರಿ ಯಜಮಾನ್ರೇ, ಹಿಂದಕ್ಕೆ ಹೋಗ್ರಿ” ಎಂದು ಗೊಣಗಿದ. ನಾನು ಕಿಟಕಿ ಕಡೆ ಸರಿದು, “ಇಲ್ಲಿ ಬರ್ರಿ, ಕುಂತ್ಕಳ್ರಿ” ಎಂದು ಜಾಗ ಬಿಟ್ಟೆ. ಒಳ್ಳೆಯತನದಿಂದ ಅಲ್ಲ. ಆ ವಾಸನೆ ನನಗೆ ಬೇಕಿತ್ತು. ಅದು ಮೂಗಿಗೆ ಬಿದ್ದರೆ ಲಾಕ್‌ಡೌನ್ ವರ್ಷದ ಮಳೆಗಾಲ ಹಾಗೇ ಎದ್ದು ಬರುತ್ತದೆ. ನಮ್ಮ ಹಟ್ಟಿಯ ಹಿಂದಿನ ಗುಡ್ಡ, ಕಂಬಳಿ ಕೊಪ್ಪೆಯೊಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ನನ್ನ ತಂಗಿ ಸರೋಜ, ಅವಳಿಗೆ ಹನಿ ಬೀಳದಂತೆ ಗಾಳಿಗೆ ಅಡ್ಡ ಕೂತ ಅಪ್ಪ. ಅದರ ಹಿಂದೆಯೇ ನನ್ನ ಹೊಟ್ಟೆಯೊಳಗೆ ಒಂದು ಉರಿಯೂ ಏಳುತ್ತದೆ. ಇಷ್ಟು ವರ್ಷ ಆದರೂ.

ನಮ್ಮದು ಹೊಸದುರ್ಗಕ್ಕೂ ಹಿರಿಯೂರಿಗೂ ನಡುವಿನ ಒಂದು ಸಣ್ಣ ಹಟ್ಟಿ. ಕುರಿಯವರು. ಅಪ್ಪ ಹಿಂಡು ಮೇಯಿಸುತ್ತಲೇ ಸುತ್ತಿನ ಸಂತೆಗಳಲ್ಲಿ ದಲ್ಲಾಳಿಯಾದವನು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ಬಟ್ಟೆಯನ್ನು, ನಮ್ಮ ಕಡೆಯ ವಲ್ಲಿಯನ್ನು, ತನ್ನ ಕೈಗೂ ಎದುರಿನವನ ಕೈಗೂ ಮುಚ್ಚಿ, ಒಳಗೆ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಅಂಗೈ ಪೂರ್ತಿ ಹಿಡಿದರೆ ಐದು. ಅದು ನೂರೋ ಸಾವಿರವೋ ಎನ್ನುವುದನ್ನು ಮಾತ್ರ ಬಾಯಲ್ಲಿ ಅನ್ನುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ವಲ್ಲಿ ಅಲುಗುವುದಷ್ಟೆ. ಒಳಗೆ ಏನು ಕುದುರಿತು ಎನ್ನುವುದು ಆ ಇಬ್ಬರಿಗೇ ಗೊತ್ತು.

ಅಪ್ಪನ ಕೈ ಅಂದರೆ ಸಂತೆಯಲ್ಲಿ ಜನ ಕಾದು ನಿಲ್ಲುತ್ತಿದ್ದರು. ನನಗೆ ಮಾತ್ರ ಅವನು ಒಂದು ದಿನವೂ ಆ ಕೈ ಕೊಡಲಿಲ್ಲ. ಚಿಕ್ಕವನಿದ್ದಾಗ, “ಅಪ್ಪಾ, ನಂಗೂ ಬೆರಳು ಕಲಿಸು” ಎಂದು ಕೇಳಿದ್ದೆ. “ಹೋಗ್ಲೇ ಈರಾ, ಕುರಿಗೆ ನೀರು ತೋರ್ಸು ಹೋಗು” ಎಂದ. ಮತ್ತೆ ಕೇಳಲಿಲ್ಲ. ದೊಡ್ಡವನಾದ ಮೇಲೆ ಚಿತ್ರದುರ್ಗದ ಮಾಂಸದ ವ್ಯಾಪಾರಿಗಳಿಗೆ ಕುರಿ ಕೊಂಡು ಕೊಡುವ ಕೆಲಸಕ್ಕೆ ಇಳಿದೆ. ಬೆರಳಿನ ಭಾಷೆ ಕಲಿತದ್ದು ವಲ್ಲಿಯ ಹೊರಗೆ ನಿಂತು. ಮಡಿಕೆ ಎಲ್ಲಿ ಉಬ್ಬಿತು, ಮೊಣಕೈ ಎಷ್ಟು ತಿರುಗಿತು, ಎದುರಿನವನ ಕತ್ತಿನ ನರ ಯಾವಾಗ ಬಿಗಿಯಿತು, ಇದನ್ನೇ ನೋಡುತ್ತ ನೋಡುತ್ತ ಕಲಿತೆ. ಹೊಳಲ್ಕೆರೆ ಸಂತೆಯಲ್ಲಿ ಮೊದಲ ಸಲ ಕೈ ಇಟ್ಟಾಗ ಎದುರಿನ ದಲ್ಲಾಳಿ ಎರಡು ಬೆರಳು ಹಿಡಿದು, ಮೂರನೆಯದಕ್ಕೆ ಬರೀ ಉಗುರು ತಾಗಿಸಿದ. ನಾನು ಎರಡು ಅಂದುಕೊಂಡು ತಲೆ ಆಡಿಸಿದೆ. ಆಮೇಲೆ ಅವನು, ಮೂರು ಹಿಡಿದಿದ್ದೆ, ನೀನು ಒಪ್ಪಿದೆ ಎಂದು ಸಂತೆ ಸೇರಿಸಿದ. ಆ ಉಗುರಿನ ವಿಷಯವನ್ನು ನಾಚಿಕೆಗೆ ಯಾರ ಹತ್ತಿರವೂ ಹೇಳಲಿಲ್ಲ, ನನ್ನ ಹೆಂಡತಿ ನಾಗಮ್ಮನಿಗೂ ಹೇಳಿಲ್ಲ. ಅವತ್ತು ಅಪ್ಪ ಅಷ್ಟು ದೂರದಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ನಿಂತಿದ್ದ. ಹತ್ತಿರ ಬರಲಿಲ್ಲ. ಅಷ್ಟೇ ಅಲ್ಲ, ಅವನು ಮಾರಿಸುವ ಹಿಂಡಿಗೆ ನಾನು ಗಿರಾಕಿಯಾಗಿ ಹೋದರೆ ಇನ್ನೊಬ್ಬ ದಲ್ಲಾಳಿಯನ್ನು ಕರೆದು, “ಇವನ್ನ ನೀನು ನೋಡ್ಕಳಪ್ಪ” ಎಂದು ಸರಿದುಬಿಡುತ್ತಿದ್ದ. ಊರಿನ ಕೈಯೆಲ್ಲ ಹಿಡಿದವನು ಮಗನ ಕೈ ಹಿಡಿಯಲಿಲ್ಲ. ಇವತ್ತು ರಸ್ತೆ ಪಕ್ಕ ತಾರಸಿ ಮನೆ ಐತೆ, ಕುರಿ ಸಾಗಿಸಲು ಸ್ವಂತ ಗಾಡಿ ಐತೆ. ಎಲ್ಲಾ ನನ್ನ ಕೈಯಿಂದ ಆದದ್ದು ಎಂದು ಎದೆ ತಟ್ಟಿ ಹೇಳಬಹುದು. ಹಾಗೆ ಹೇಳುವಾಗಲೆಲ್ಲ ಎದೆಯಲ್ಲಿ ಒಂದು ಜಾಗ ಖಾಲಿ ಹೊಡೆಯುತ್ತದೆ.

ಸರೋಜ ನನಗಿಂತ ಬಹಳ ಚಿಕ್ಕವಳು. ಸಿರಿಗೆರೆಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದಿ, ಅಲ್ಲಿಂದ ಓದುತ್ತಾ ಓದುತ್ತಾ ಪುಣೆ ಸೇರಿದಳು. ಅಲ್ಲಿ ಬಯಲಲ್ಲಿ ಸಾಲಾಗಿ ನಿಲ್ಲಿಸಿದ ದೊಡ್ಡ ದೊಡ್ಡ ತಟ್ಟೆಗಳಿಂದ ಆಕಾಶದ ರೇಡಿಯೋ ಅಲೆ ಹಿಡಿದು ಪರೀಕ್ಷಿಸುವುದು ಅವಳ ಕೆಲಸ. ಆ ವರ್ಷ ಬೇಸಿಗೆಯ ಮೊದಲಿಗೆ ವಾರದ ರಜಕ್ಕೆಂದು ಬಂದಳು. ಅಷ್ಟರಲ್ಲಿ ದೇಶವೇ ಬಾಗಿಲು ಹಾಕಿತು. ಸಂತೆಗಳು ನಿಂತವು. ನನ್ನ ಕೈಗೆ ಕೆಲಸವಿಲ್ಲ. ಅವಳ ಕೆಲಸ ಮಾತ್ರ ಲ್ಯಾಪ್‌ಟಾಪಿನಲ್ಲಿ ಅವಳ ಹಿಂದೆಯೇ ಬಂದಿತ್ತು.

ವ್ಯಾಪಾರಸ್ಥರಿಗೆ ಇನ್ನೊಂದು ಮಾತು: ವ್ಯಾಪಾರ ನಿಂತ ದಿನ ಮನೆಯವರನ್ನು ದಿಟ್ಟಿಸಿ ನೋಡುತ್ತ ಕೂರಬೇಡಿ. ಕಾಣಬಾರದ್ದೆಲ್ಲ ಕಾಣುತ್ತದೆ.

ಹಟ್ಟಿಯಲ್ಲಿ ಫೋನಿನ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ಕರೆಂಟಿನ ಗಾಳಿ ಫ್ಯಾನುಗಳು ತಿರುಗುವ ಹಿಂದಿನ ಗುಡ್ಡ ಹತ್ತಿದರೆ ಚೆನ್ನಾಗಿ ಸಿಗುತ್ತಿತ್ತು. ಅಪ್ಪ ಕುರಿ ಮೇಯಿಸಲು ಹೋಗುವುದೂ ಅಲ್ಲಿಗೇ. ಸರಿ, ಅಪ್ಪನೂ ಮಗಳೂ ಬೆಳಗಾದರೆ ಮುದ್ದೆ ಕಟ್ಟಿಕೊಂಡು ಗುಡ್ಡ ಹತ್ತಿ, ಸಂಜೆ ಕುರಿಯ ಹಿಂದೆ ಇಳಿಯುತ್ತಿದ್ದರು. ಇಳಿಯುವಾಗ ಇಬ್ಬರ ಬಾಯಿಗೂ ಬಿಡುವಿರಲಿಲ್ಲ. ನನ್ನ ಹತ್ತಿರ ಕುರಿಯ ಕಾಲುಬೇನೆ, ಮೋಡ, ಮೇವು ಬಿಟ್ಟು ಬೇರೆ ಮಾತೇ ಎತ್ತದ ಅಪ್ಪ ಅವಳ ಹತ್ತಿರ ಪ್ರಶ್ನೆ ಕೇಳುತ್ತಿದ್ದ!

ಒಂದು ಸಂಜೆ ಇಬ್ಬರೂ ಕಟ್ಟೆ ಮೇಲೆ ಕೂತಿದ್ದರು. ನಾನು ಒಳಗೆ ಫೋನು ನೋಡುವವನ ಹಾಗೆ ಕೂತು ಕಿವಿ ಅಲ್ಲಿಟ್ಟಿದ್ದೆ.

“ಅಂಗಾರೆ ಗೆಲಾಕ್ಸಿಗಳೂ ಹಿಂಡು ಕಟ್ಕಂಡು ಇರ್ತವೇನವ್ವ?” ಅಪ್ಪ ಕೇಳಿದ.

“ಹೂಂ ಅಪ್ಪ. ನೂರಾರು, ಕೆಲವು ಕಡೆ ಸಾವಿರಾರು. ಆದ್ರೆ ಹಿಂಡಿನಾಗೆ ಕುರಿಗಿಂತ ತೂಕ ಜಾಸ್ತಿ ಇರೋದು ಕುರಿ ನಡುವಿನ ಗಾಳಿದು. ನಮ್ಮ ಗಾಳಿಯಂಗಲ್ಲ, ಬಲು ತೆಳ್ಳಗಿನ ಅನಿಲ. ಕೋಟಿಗಟ್ಟಲೆ ಡಿಗ್ರಿ ಬಿಸಿ.”

“ಯಾರು ಕಾಯ್ಸ್ತಾರೆ ಅದನ್ನ?”

“ಅದೇ ನೋಡು ನನ್ನ ಕೆಲ್ಸ!” ಸರೋಜ ತೊಡೆ ತಟ್ಟಿದ ಸದ್ದು ಒಳಗೆ ಕೇಳಿಸಿತು. “ಹಿಂಡು ಕಟ್ಟುವಾಗಲೇ ಅದು ಬಿಸಿಯಾಗಿರ್ತೈತೆ. ಆದ್ರೆ ಬಿಸಿ ಇದ್ದದ್ದು ತಣ್ಣಗಾಗ್ಲೇಬೇಕಲ್ಲಪ್ಪ. ಇದು ಎಕ್ಸ್‌ರೇ ಬಿಡ್ತಾ ಬಿಡ್ತಾ ತಣ್ಣಗಾಗ್ತೈತೆ. ಹಿಂಡಿನ ನಡುವೆ ದಟ್ಟ ಇರೋ ಕಡೆ ಬೇಗ ತಣ್ಣಗಾಗಿ, ಒಳಕ್ಕೆ ಕುಸಿದು, ರಾಶಿ ರಾಶಿ ಹೊಸ ನಕ್ಷತ್ರ ಹುಟ್ಬೇಕಿತ್ತು. ಹುಟ್ಟಿಲ್ಲ. ಅಂದ್ರೆ ಯಾರೋ ಆರೋಕೆ ಬಿಡ್ದಂಗೆ ಕಾಯಿಸ್ತಾ ಅವ್ರೆ.”

“ಯಾರವ್ವ?”

“ನಡುವಿನ ದೊಡ್ಡ ಗೆಲಾಕ್ಸಿ ಹೊಟ್ಟೇಲಿ ಒಂದು ಕಪ್ಪುಕುಳಿ ಐತೆ. ತಣ್ಣಗಾದ ಅನಿಲ ಅದರ ಬಾಯಿ ಕಡೆ ಬೀಳ್ತೈತೆ. ಬಿದ್ದಿದ್ದೆಲ್ಲಾ ನುಂಗಲ್ಲ ಅದು. ಒಂದು ಪಾಲನ್ನ ಎರಡೂ ಕಡೆಗೆ ಊದುಗೊಳವೇಲಿ ಊದಿದಂಗೆ ಚಿಮ್ಮಿಸ್ತೈತೆ, ಹೆಚ್ಚೂ ಕಮ್ಮಿ ಬೆಳಕಿನಷ್ಟೇ ಜೋರಾಗಿ. ಜೆಟ್ ಅಂತೀವಿ. ಅದು ನಮ್ಮ ರೇಡಿಯೋ ತಟ್ಟೆಗೆ ಕಾಣ್ತೈತೆ. ಆ ಜೆಟ್ ಹೋಗಿ ಬಿಸಿ ಅನಿಲಕ್ಕೆ ಗುದ್ದಿ ಅದ್ರೊಳಗೆ ಗುಳ್ಳೆ ಊದ್ತೈತೆ. ಗುಳ್ಳೆ ಮೇಲಕ್ಕೇಳ್ತಾ ಸುತ್ತಲಿನದನ್ನ ಕಲಕಿ ಕಾಯಿಸ್ತೈತೆ.”

ಅಪ್ಪ ಎಲೆಯನ್ನು ಒಂದು ದವಡೆಗೆ ಒತ್ತಿಕೊಂಡ. “ಅಂದ್ರೆ ಉಣ್ಣಾಕೆ ಸಿಕ್ರೆ ಊದ್ತೈತೆ. ಊದಿದ್ರೆ ಎಲ್ಲಾ ಬಿಸಿಯಾಗಿ ಉಣ್ಣಾಕೆ ಸಿಗಲ್ಲ. ಸಿಗದಿದ್ರೆ ಊದಾದು ನಿಲ್ಲುಸ್ತೈತೆ. ನಿಲ್ಲುಸಿದ್ರೆ ತಿರ್ಗಾ ತಣ್ಣಗಾಗಿ ಬಾಯಿಗೆ ಬೀಳ್ತೈತೆ. ಹಂಗೇನಾ?”

“ಹಂಗೇ ಅಂತ ಅನ್ಕಂಡಿದೀವಿ. ಆದ್ರೆ ಗುಳ್ಳೆಯೊಳಗಿನ ಬಲ ಅಷ್ಟು ದೂರ ಹೆಂಗೆ ಹಂಚಿ ಹೋಗ್ತೈತೆ, ಸದ್ದಿನ ಅಲೆಯಿಂದಾನಾ, ಕಲಕಾಟದಿಂದಾನಾ, ಅದು ಇನ್ನೂ ಇತ್ಯರ್ಥ ಆಗಿಲ್ಲ. ಆಗಿದ್ರೆ ನನ್ನ ಕೆಲ್ಸ ಹೋಗ್ತಿತ್ತು.”

ನನಗೆ ತಡೆಯಲಾಗಲಿಲ್ಲ. ಎದ್ದು ಹೊರಗೆ ಬಂದೆ. “ಇದೇನು ಹೊಸದು? ನಮ್ಮ ಸಂತೆನೂ ಹಿಂಗೇ. ರೇಟ್ ಬಿದ್ರೆ ಗಿರಾಕಿ ನುಗ್ತಾರೆ. ನುಗ್ಗಿದ್ರೆ ರೇಟ್ ಏರ್ತೈತೆ. ಏರಿದ್ರೆ ಗಿರಾಕಿ ಹಿಂದಕ್ಕೆ ಸರೀತಾರೆ, ರೇಟ್ ತಿರ್ಗಾ ಬೀಳ್ತೈತೆ.”

“ಅಯ್ಯೋ, ಹೌದಲ್ಲ ಅಣ್ಣ!” ಎಂದಳು ಸರೋಜ.

ಅಪ್ಪ ನನ್ನ ಕಡೆ ತಿರುಗಲೂ ಇಲ್ಲ. “ಸುಮ್ಕಿರಪ್ಪ, ಹುಡ್ಗಿ ಹೇಳ್ಲಿ” ಎಂದ.

ಬಾಗಿಲಲ್ಲಿ ನಿಂತಿದ್ದ ನಾಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಒಳಗೆ ಬಂದ ಮೇಲೆ, “ಯಾಕ್ರಿ, ಹುಳಿ ಮಜ್ಜಿಗೆ ಕುಡಿದಂಗೆ ಮುಖ ಮಾಡ್ಕಂಡೀರಿ?” ಎಂದಳು. “ಜೀರ್ಣ ಆಗಿಲ್ಲ” ಎಂದೆ. “ಗೊತ್ತಾಗ್ತೈತೆ ಬಿಡ್ರಿ, ಏನು ಜೀರ್ಣ ಆಗಿಲ್ಲ ಅಂತ” ಎಂದು ಒಲೆ ಕಡೆ ಹೋದಳು.

ಆ ಒಲೆಯ ಮುಂದೆಯೂ ನೆಮ್ಮದಿ ಇರಲಿಲ್ಲ. ಇನ್ನೊಂದು ದಿನ ನಾಗಮ್ಮ ಅಂಬಲಿ ಕಾಯಿಸುತ್ತಿದ್ದಳು. ಸರೋಜ ಪಾತ್ರೆಯೊಳಗೆ ಬಗ್ಗಿದವಳೇ, “ಅಪ್ಪಾ, ಬೇಗ ಬಾ, ಗುಳ್ಳೆ ತೋರಿಸ್ತೀನಿ” ಎಂದು ಕೂಗಿದಳು. ಅಪ್ಪ ಓಡಿ ಬಂದ. ಮಂಡಿನೋವು, ಬಗ್ಗೋಕಾಗಲ್ಲ ಎಂದು ನನ್ನ ಹೊಸ ಮನೆಯ ಪೂಜೆಯಲ್ಲಿ ಕುರ್ಚಿ ಬಿಟ್ಟು ಇಳಿಯದವನು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ! ತಳದಿಂದ ಒಂದು ಗುಳ್ಳೆ ಎದ್ದು, ಅಂಬಲಿಯನ್ನು ಮೇಲಕ್ಕೆ ತಳ್ಳಿ, ಪುಸಕ್ಕೆಂದು ಒಡೆಯಿತು.

“ನೋಡ್ದಾ? ಗುಳ್ಳೆ ಬರೀ ತಾನು ಏಳಲ್ಲ. ತಳದಾಗಿನ ಹಿಟ್ಟನ್ನೂ ಬಾಲದಂಗೆ ಎಳ್ಕಂಡು ಬರ್ತೈತೆ. ಅಲ್ಲೂ ಹಿಂಗೇ, ನಡುವಿನ ತಣ್ಣನೆ ಅನಿಲನ ಮೇಲಕ್ಕೆ ಎಳ್ಕಂಡು ಹೋಗ್ತೈತೆ.”

“ಒಡೆಯಲ್ವಾ?”

“ಕೆಲವು ಒಡೆದು ಕಲಸಿ ಹೋಗ್ತವೆ. ಕೆಲವು ಗಟ್ಟಿ. ಕೋಟಿಗಟ್ಟಲೆ ವರ್ಷ ತೇಲ್ತವೆ.”

“ಪಾತ್ರೆ ಬಿಡವ್ವ ತಾಯಿ” ಎಂದಳು ನಾಗಮ್ಮ, “ನಿಮ್ಮ ಗೆಲಾಕ್ಸಿ ತಳ ಹಿಡೀತೈತೆ.”

ಮೂವರೂ ನಕ್ಕರು. ನಾನು ತಳ ಹಿಡಿದ ಅಂಬಲಿ ಕುಡಿದು ಎದ್ದೆ.

ಉರಿಯನ್ನು ಸುಮ್ಮನೆ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರುವ ಜಾತಿಯವನಲ್ಲ ನಾನು. ಮೂಲ ಏನು ಎಂದು ನೋಡಿದೆ. ಸಿಗ್ನಲ್. ಸಿಗ್ನಲ್ ಮನೆಗೇ ಬಂದರೆ ಇವಳು ಗುಡ್ಡ ಹತ್ತುವುದಿಲ್ಲ. ಮಾರನೇ ದಿನವೇ ಮಾಸ್ಕು ಹಾಕಿಕೊಂಡು ಬೈಕಿನಲ್ಲಿ ಹೊಸದುರ್ಗಕ್ಕೆ ಹೋಗಿ, ಅರ್ಧ ಬಾಗಿಲು ತೆರೆದು ಕೂತಿದ್ದ ಕೇಬಲ್ಲಿನವನನ್ನು ಹಿಡಿದೆ. ಹಟ್ಟಿಯವರೆಗೆ ತಂತಿ ಎಳೆಯೋದು ಆಗೋದೇ ಇಲ್ಲ ಎಂದ. ಆಗುವುದಿಲ್ಲ ಎಂದವನ ಎದುರು ಎದ್ದು ನಿಲ್ಲಬೇಡಿ, ಕೂತು ನೀರು ಕೇಳಿ. ನೀರು ಕೊಟ್ಟವನು ಮಾತಿಗೆ ಸಿಕ್ಕ ಹಾಗೆ. ದಾರಿಯ ತೋಟದವರು ಮೂವರನ್ನು ಗಿರಾಕಿ ಮಾಡಿಸಿಕೊಡುತ್ತೇನೆ ಎಂದು ಒಪ್ಪಿಸಿ, ತೆಂಗಿನ ಮರದಿಂದ ಮರಕ್ಕೆ ತಂತಿ ಎಳೆಸಿ ಮನೆಗೆ ಇಂಟರ್‌ನೆಟ್ ತಂದೆ. ಹಟ್ಟಿಯೆಲ್ಲ ಕೊಂಡಾಡಿತು. ತಂಗಿಗೋಸ್ಕರ ಎಂಥಾ ಅಣ್ಣ ನೋಡ್ರಿ! ಸರೋಜ ಒಂದು ದಿನ ಮನೆಯಲ್ಲಿ ಕೂತು ಕೆಲಸ ಮಾಡಿದಳು. ಎರಡನೇ ದಿನ ಬೆಳಿಗ್ಗೆ ನೋಡಿದರೆ ಮತ್ತೆ ಬುತ್ತಿ ಕಟ್ಟುತ್ತಿದ್ದಾಳೆ.

“ಯಾಕವ್ವ, ನೆಟ್ಟು ಸರಿಯಿಲ್ವಾ?”

“ಬಲು ಚೆನ್ನಾಗೈತೆ ಅಣ್ಣ. ಆದ್ರೆ ಅಪ್ಪ ಗುಡ್ಡದ ಮೇಲೆ ಇರ್ತಾನಲ್ಲ.”

ಆ ಮಾತಿಗೆ ನನ್ನ ಹತ್ತಿರ ತಂತಿ ಇರಲಿಲ್ಲ.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ ನಾನೇ ಗುಡ್ಡ ಹತ್ತಿದೆ. ಕುಂಟುತ್ತಿದ್ದ ಮರಿಯೊಂದನ್ನು ನೋಡಿ ಬರುತ್ತೇನೆ ಎನ್ನುವುದು ನೆಪ. ಸಣ್ಣಗೆ ಹನಿಯುತ್ತಿತ್ತು. ಕುರಿಗಳು ಬಂಡೆಯ ಮರೆಗೆ ಒತ್ತಿಕೊಂಡು ನಿಂತಿದ್ದವು. ಫ್ಯಾನಿನ ರೆಕ್ಕೆ ಮೋಡದೊಳಗೆ ಹೋಗಿ ಹೊರಗೆ ಬರುತ್ತಿತ್ತು. ಅದರ ಬುಡದಲ್ಲಿ ಒಂದೇ ಕಂಬಳಿಯ ಕೆಳಗೆ ಅಪ್ಪ, ಸರೋಜ. ಲ್ಯಾಪ್‌ಟಾಪ್ ಅವಳ ಮಡಿಲಲ್ಲಿ. ಅವರಿಬ್ಬರ ಕೈಗಳ ಮೇಲೆ ಅಪ್ಪನ ವಲ್ಲಿ.

ವಲ್ಲಿ ಅಲುಗುತ್ತಿತ್ತು.

ನಮ್ಮ ಕಡೆಯ ಯಾರನ್ನೇ ಕೇಳಿ, ಕೈ ಮೇಲೆ ವಲ್ಲಿ ಬಿದ್ದಿದ್ದರೆ ಅಲ್ಲಿ ಕೊಡುಕೊಳ್ಳುವ ಮಾತು ನಡೆದಿದೆ ಎಂದೇ ಅರ್ಥ. ಬೇರೆ ಅರ್ಥ ಇಲ್ಲ. ಅಪ್ಪನ ಹತ್ತಿರ ಕೊಡಲು ಇರುವುದು ಏನು? ಹಿಂಡು. ಮಂಡಿ ಸೋತಿವೆ, ಹಿಂಡನ್ನು ಯಾರಿಗಾದರೂ ಒಪ್ಪಿಸಬೇಕು ಎಂದು ಆ ಬೇಸಿಗೆಯಿಂದಲೂ ಅನ್ನುತ್ತಿದ್ದ. ಆ ಹಿಂಡು ನನಗೆ ಬರುತ್ತದೆ ಎಂದು ನಾನು ಬಾಯಿ ಬಿಟ್ಟು ಕೇಳಿರಲಿಲ್ಲ. ಕೇಳಿದವನು ಮೊದಲೇ ಸೋತ ಲೆಕ್ಕ ಎಂದು ಕಾದಿದ್ದೆ. ಪುಣೆಯಲ್ಲಿ ಕುರಿ ಎಲ್ಲಿ ಮೇಯುತ್ತವೆ ಎನ್ನುವುದು ಆ ಗಳಿಗೆಯಲ್ಲಿ ತಲೆಗೆ ಹೊಳೆಯಲಿಲ್ಲ. ಹೊಟ್ಟೆ ಉರಿಯುವಾಗ ತಲೆಗೆ ಏನೂ ಹೊಳೆಯುವುದಿಲ್ಲ.

ಹತ್ತಿರ ಹೋಗಿ ಕೇಳಿಯೇಬಿಟ್ಟೆ. “ಎಷ್ಟಕ್ಕೆ ಕುದುರ್ತು?”

ಅಪ್ಪ ತಲೆ ಎತ್ತಿದ. “ಏನು?”

“ಹಿಂಡು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸರೋಜ ನಕ್ಕ ನಗೆಗೆ ಕಂಬಳಿ ಜಾರಿ ಲ್ಯಾಪ್‌ಟಾಪಿಗೆ ಹನಿ ಬಿತ್ತು. “ಅಣ್ಣ, ಹಿಂಡಲ್ಲ ಮಾರಾಯ, ಗುಳ್ಳೆ! ಗುಳ್ಳೆ ವಯಸ್ಸು ಎಷ್ಟು ಅಂತ ಕೇಳ್ದ ಅಪ್ಪ. ಬಾಯಲ್ಲಿ ಹೇಳಿದ್ರೆ, ‘ಕೋಟಿ ಅಂದ್ರೆ ನಂಗೆ ಕೈಗೆ ಹತ್ತಲ್ಲ, ಬೆರಳಲ್ಲಿ ಹೇಳು’ ಅಂದ. ನಂಗೆ ಬರಲ್ಲ ಅಂದೆ. ಅದಕ್ಕೆ ಕಲಿಸಿಕೊಟ್ಟ. ಈಗ ನೋಡು, ಕೋಟಿ ಅಂತ ಬಾಯಲ್ಲಿ ಅಂದ್ಬಿಟ್ಟು ಬೆರಳು ಹಿಡಿದ್ರೆ ಆತು. ನಾವು ಆಫೀಸಲ್ಲಿ ಲೆಕ್ಕ ಬರೆಯೋದೂ ಹಿಂಗೇ, ಅಂಕಿ ಬೇರೆ, ಸೊನ್ನೆ ಎಷ್ಟು ಅಂತ ಬೇರೆ.”

ಅವಳು ಆಟವೆಂದು ಹೇಳಿದಳು. ಹಿಂಡನ್ನು ಕೊಟ್ಟಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಹಿಂಡು ಇನ್ನೊಂದು ಕೊಳ್ಳಬಹುದು.

ಸರೋಜ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ಕುಂತ್ಕ ಅಣ್ಣ, ನಿಂಗೂ ತೋರಿಸ್ತೀನಿ” ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಮೊದಲು ಒಂದು ಚಿತ್ರ: ನೀಲಿ ಹೊಗೆಯಂಥ ಬೆಳಕು, ಅದರಲ್ಲಿ ಎರಡು ಕಡೆ ಎರಡು ಕಪ್ಪು ತೂತು. “ಇದು ಎಕ್ಸ್‌ರೇ. ಬಿಸಿ ಅನಿಲ ಇಷ್ಟೇ ಕಾಣೋದು. ತೂತು ಯಾಕೆ ಅಂತ ಇದರಾಗೆ ಗೊತ್ತಾಗಲ್ಲ.” ಅದರ ಮೇಲೆ ಇನ್ನೊಂದು ಚಿತ್ರ ಇಟ್ಟಳು. ಕೆಂಪು ಬಣ್ಣದ ಎರಡು ಮುಷ್ಟಿಗಳು ಆ ಎರಡು ತೂತುಗಳಲ್ಲಿ ಸರಿಯಾಗಿ ಕೂತವು. “ಇದು ರೇಡಿಯೋ. ಜೆಟ್ಟು ಊದಿದ ಗುಳ್ಳೆ.”

ನಾನು ನೋಡಿದೆ. ಯಾರೂ ಹೇಳಿಕೊಡುವ ಅಗತ್ಯ ಬೀಳಲಿಲ್ಲ. “ಇದು ವಲ್ಲಿ” ಎಂದು ನೀಲಿ ತೋರಿಸಿದೆ. “ಇದು ಒಳಗಿನ ಕೈ.”

ಸರೋಜ ಕಪ್ಪು ತೂತಿನ ಸುತ್ತ ಬೆರಳು ಎಳೆದಳು. “ತೂತಿನ ಅಳತೆ ನೋಡಿ, ಅದನ್ನ ಮಾಡೋಕೆ ಜೆಟ್ಟು ಎಷ್ಟು ಬಲ ಹಾಕಿರ್ಬೇಕು ಅಂತ ಲೆಕ್ಕ ತೆಗೀತೀವಿ ಅಣ್ಣ. ಜೆಟ್ಟನ್ನ ನೇರವಾಗಿ ತೂಗೋಕಾಗಲ್ಲ. ಅನಿಲ ಎಲ್ಲಿ ಇಲ್ವೋ ಅಲ್ಲೇ ಅದರ ಗುರುತು.”

“ಜೆಟ್ಟು ನಿಂತು ಹೋದ್ರೆ?”

“ಗುಳ್ಳೆ ತೇಲ್ತಾನೇ ಇರ್ತೈತೆ. ರೇಡಿಯೋ ಮಾಸ್ತಾ ಮಾಸ್ತಾ ಬರ್ತೈತೆ. ಬೇರೆ ತಟ್ಟೆಗಳು ಅಲ್ಲೇನೂ ಇಲ್ಲ ಅಂತಾವೆ. ಇನ್ನೂ ತಗ್ಗಿನ ಅಲೆಗೆ ಹಚ್ಚಿ ಕಿವಿ ಕೊಟ್ರೆ ಸಿಕ್ತೈತೆ. ಅಂಥಾ ಹಳೇ ಗುಳ್ಳೆ ಹುಡುಕೋದೇ ನನ್ನ ಕೆಲ್ಸ.”

ಅಪ್ಪ ಆ ಹೊತ್ತಿಗೆ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡಿದ್ದ. ನಾನು ಅವನ ಕಡೆ ತಿರುಗಿದೆ. ತಂಗಿಯ ಮುಂದೆ ಕೇಳಬಾರದಿತ್ತು. ಕೇಳಿದೆ. “ಒಂದು ಮಳೆಗಾಲದಾಗೆ ಇವಳಿಗೆ ಕಲಿಸ್ದೆ. ನಂಗ್ಯಾಕೆ ಕಲಿಸ್ಲಿಲ್ಲ?”

ಅಪ್ಪ ಗುಡ್ಡದ ಕೆಳಗೆ ನೋಡಿದ. “ಲೇ ಈರಾ, ಕುರಿ ಹೊಲಕ್ಕೆ ಬಿದ್ವು ನೋಡು” ಎಂದು ಕೋಲು ತೆಗೆದುಕೊಂಡು ಇಳಿದು ಹೋದ. ಹೊಲಕ್ಕೆ ಒಂದು ಕುರಿಯೂ ಬಿದ್ದಿರಲಿಲ್ಲ.

ಆ ಮೇಲೆ ಮಳೆಗಾಲ ಪೂರ್ತಿ ನಾನು ಗುಡ್ಡ ಹತ್ತಲಿಲ್ಲ. ರಾಗಿ ತೆನೆ ಒಡೆಯಿತು. ಅಪ್ಪ ಮಗಳು ಹತ್ತುತ್ತಿದ್ದರು, ಇಳಿಯುತ್ತಿದ್ದರು. ನಾನು ಗಾಡಿಯ ಚಕ್ರ ಬಿಚ್ಚಿ ಜೋಡಿಸುತ್ತಿದ್ದೆ, ತಿರುಗಾ ಬಿಚ್ಚುತ್ತಿದ್ದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಬಸ್ಸುಗಳು ಓಡಾಡತೊಡಗಿದವು, ಹಿರಿಯೂರಿನ ಕುರಿ ಸಂತೆ ಮತ್ತೆ ಸೇರುತ್ತದೆ ಎಂದು ಸುದ್ದಿ ಬಂತು. ಸರೋಜ ಹೊರಟು ನಿಂತಳು. ಹೋಗುವಾಗ ಅಪ್ಪನ ಕಂಬಳಿಯನ್ನು ಮೂಸಿ, “ಇದನ್ನ ನಂಗೆ ಕೊಡಪ್ಪ” ಎಂದಳು. ಕೊಟ್ಟ. ನಾನು ಅದಕ್ಕೂ ಉರಿದುಕೊಂಡೆ. ಆ ಕಂಬಳಿಯ ಮೇಲೆ ನನಗೆ ಮೊದಲಿಂದ ಕಣ್ಣಿತ್ತು.

ಸಂತೆಯ ದಿನ ಅಪ್ಪ ಗಾಡಿ ಹತ್ತಿದ. ಜೊತೆಗೆ ಅವನ ಹಿಂಡಿನ ದೊಡ್ಡ ಟಗರನ್ನು ಹತ್ತಿಸಿದ. ಯಾಕೆ ಎಂದು ಕೇಳಲಿಲ್ಲ; ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಇತ್ತು. ಹಿರಿಯೂರು ಸಂತೆಯಲ್ಲಿ ಜನ ಮಾಸ್ಕನ್ನು ಗಲ್ಲಕ್ಕೆ ಇಳಿಬಿಟ್ಟುಕೊಂಡು ನೆಂಟರನ್ನು ಕಂಡ ಹಾಗೆ ಒಬ್ಬರನ್ನೊಬ್ಬರು ಮುಟ್ಟಿ ಮಾತಾಡಿಸುತ್ತಿದ್ದರು. ಅಪ್ಪ ಯಾವತ್ತೂ ನಿಲ್ಲುವ ಬೇವಿನ ಮರದ ಕೆಳಗೆ ಕುರಿಯವರು ಆಗಲೇ ಸೇರಿದ್ದರು.

“ಬಾ ಯಜಮಾನ, ಕೈ ಹಿಡಿದು ಎಷ್ಟು ದಿನ ಆತು” ಎಂದ ಒಬ್ಬ.

ಅಪ್ಪ ಮರದ ಕೆಳಗೆ ಹೋಗಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, “ನಂದಾತು ಕಣ್ರಪ್ಪ. ಇವತ್ತಿಂದ ನಾನು ದಲ್ಲಾಳಿ ಅಲ್ಲ. ಬರೀ ಕುರಿಯವನು. ಒಂದು ಟಗರು ಮಾರಾಕೆ ಬಂದೀನಿ” ಎಂದ. ಗದ್ದಲ ಎದ್ದಿತು. ಅದರ ನಡುವೆಯೇ ಅವನು ಟಗರನ್ನು ಎಳೆದುಕೊಂಡು ನೇರ ನನ್ನ ಮುಂದೆ ಬಂದು ನಿಂತು, ಹೆಗಲಿಂದ ವಲ್ಲಿ ತೆಗೆದ.

“ತಗಾ. ಕೈ ಕೊಡು.”

ಕೊಟ್ಟೆ. ವಲ್ಲಿ ಬಿತ್ತು. ಅಪ್ಪನ ಕೈ ಒಳಗೆ ಬಂತು. ಒರಟು, ಬಿಸಿ, ಸುಣ್ಣದ ಪುಡಿ ಅಂಟಿದ ಬೆರಳು. ಮಾತಾಡಿದ, ತುಟಿ ಅಲುಗದ ಹಾಗೆ, ನನಗಷ್ಟೇ ಕೇಳುವ ಹಾಗೆ.

“ಗುಡ್ಡದ ಮೇಲೆ ಏನೋ ಕೇಳ್ದಲ್ಲ. ನೀನು ಸಂತೆಗೇ ಬೀಳ್ತೀಯ ಅಂತ ಚಿಕ್ಕಂದ್ನಾಗೇ ಗೊತ್ತಿತ್ತು ನಂಗೆ. ದಲ್ಲಾಳಿ ಮಗ ವ್ಯಾಪಾರಿ ಆದ್ರೆ ಸಂತೆ ಏನಂತೈತೆ? ಅಪ್ಪ ಮಗ ಒಳಗೊಳಗೇ ಮಾತಾಡ್ಕಂಡವ್ರೆ ಅಂತೈತೆ. ನಿಂಗೆ ಒಂದು ಬೆರಳು ಕಲಿಸಿದ್ರೂ, ನಿನ್ನ ಜೊತೆ ಒಂದು ಸಲ ವಲ್ಲಿ ಹಿಡಿದಿದ್ರೂ, ಒಬ್ಬ ಕುರಿಯವನೂ ನಿನ್ನ ಕೈ ನಂಬ್ತಿರಲಿಲ್ಲ. ನಂದೂ ನಂಬ್ತಿರಲಿಲ್ಲ. ನಿನ್ನ ಕೈ ನಿಂದೇ ಅಂತ ಅವರಿಗೆ ಗೊತ್ತಾಗ್ಬೇಕಿತ್ತು. ಹುಡ್ಗಿಗೇನು, ಅವಳು ಸಂತೆಗೆ ಬರಾಳಾ?”

“ಮನೇಲಾದ್ರೂ ಹೇಳ್ಬಹುದಿತ್ತಲ್ಲಪ್ಪ.”

“ಹೇಳಿದ್ರೆ ನಿನ್ನ ಮುಖದಾಗೆ ಕಾಣ್ತಿತ್ತು. ನಿನ್ನ ಮುಖದಾಗೆ ಏನು ನಿಲ್ತೈತೆ? ಈ ಮಳೆಗಾಲ ಪೂರ್ತಿ ನೋಡ್ದೆನಲ್ಲ.” ಆಮೇಲೆ ಗಟ್ಟಿಯಾಗಿ, ಸಂತೆಗೆ ಕೇಳುವ ಹಾಗೆ, “ಸಾವಿರ!” ಎಂದು ಬೆರಳು ಹಿಡಿದ.

ವ್ಯಾಪಾರ ಶುರುವಾಯಿತು. ದಯೆ ಇರಲಿಲ್ಲ. ನಾನು ಒಂದು ಬೆರಳು ಬಿಡಿಸಿದರೆ ಅವನು ಮತ್ತೆ ಹಿಡಿಯುತ್ತಿದ್ದ. ನಾನು ಕೈ ಎಳೆದುಕೊಂಡು ಹೊರಟವನ ಹಾಗೆ ಮಾಡಿದೆ. ಅವನು ಎಳೆಯಲು ಬಿಟ್ಟು, ಕೊನೆಯ ಬೆರಳನ್ನು ಮಾತ್ರ ಬಿಡಲಿಲ್ಲ. ಸುತ್ತ ಜನ ಸೇರಿ ವಲ್ಲಿಯನ್ನೇ ನೋಡುತ್ತಿದ್ದರು. ಎಷ್ಟು ದಲ್ಲಾಳಿಗಳ ಬೆವರು ಇಳಿಸಿದವನು ನಾನು, ಅವತ್ತು ನನ್ನ ಬೆವರು ವಲ್ಲಿಗೆ ಹತ್ತಿತು. ಕೊನೆಗೆ ಅವನು ಹೇಳಿದ ಬೆಲೆಗೇ ಒಪ್ಪಿದೆ. ಸೋತೆ. ಅಷ್ಟು ಸಂತೋಷದಿಂದ ಯಾವತ್ತೂ ಸೋತಿಲ್ಲ.

ಕೈ ಬಿಡುವ ಮೊದಲು ಅಪ್ಪ ಇನ್ನೊಮ್ಮೆ ತುಟಿ ಅಲುಗಿಸದೆ ಹೇಳಿದ. “ಈಗ್ಲೂ ಅದೇ ತಪ್ಪು ಮಾಡ್ತೀಯ. ಮೊದಲ್ನೇ ದಿನದಿಂದ ನೋಡ್ತಾ ಬಂದೀನಿ. ಹೊಳಲ್ಕೆರೇಲಿ ಅವನು ನಿನ್ನ ಮೂರನೇ ಬೆರಳಿಗೆ ಉಗುರು ತಾಗಿಸ್ದನಲ್ಲ, ಅವತ್ತಿಂದ.”

ಆ ಉಗುರಿನ ವಿಷಯ ನನಗೂ ಆ ದಲ್ಲಾಳಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ ಅಷ್ಟು ದೂರ ನಿಂತಿದ್ದವನು, ಬೇರೆಯವರ ವಲ್ಲಿಯ ಮೇಲಿಂದಲೇ, ನನ್ನ ಬೆರಳನ್ನು ಓದಿದ್ದ. ಅವತ್ತಿಂದ ಪ್ರತಿ ಸಂತೆಯಲ್ಲೂ ಓದುತ್ತಲೇ ಇದ್ದ. ಆಮೇಲೆ ನನ್ನ ತಪ್ಪು ಏನು, ಅದನ್ನು ಹೇಗೆ ತಿದ್ದಿಕೊಳ್ಳಬೇಕು ಎನ್ನುವುದನ್ನು ಒಂದೇ ಮಾತಿನಲ್ಲಿ ಹೇಳಿ, ಬೆರಳಿನಿಂದ ತೋರಿಸಿ, ವಲ್ಲಿ ಎಳೆದುಕೊಂಡ.

ಈ ವರ್ಷದ ಆ ಬಸ್ಸಿನಲ್ಲಿ ಪಕ್ಕ ಕೂತಿದ್ದ ಕುರಿಗಾಹಿ ಚಿತ್ರದುರ್ಗ ಬರುವ ಮೊದಲೇ ಇಳಿದುಹೋದ. ಸೀಟೂ ನನ್ನ ಪಂಚೆಯೂ ಒದ್ದೆ. ಅಲ್ಲಿಯ ಕೆಲಸ ಮುಗಿಸಿ ಹಟ್ಟಿಗೆ ಮರಳಿದರೂ ವಾಸನೆ ಮನೆಯವರೆಗೂ ಬಂತು. ಬಾಗಿಲಿಗೆ ಬಂದರೆ ಒಳಗೆ ಅಪ್ಪ ಫೋನು ಮುಖಕ್ಕೆ ಹಿಡಿದುಕೊಂಡಿದ್ದಾನೆ. ಅವನಿಗೀಗ ಕಿವಿ ಮಂದ. ಸರೋಜ ಪರದೆಯಲ್ಲಿ ಬೆರಳು ಎತ್ತಿ ತೋರಿಸುತ್ತಿದ್ದಾಳೆ, ಅಪ್ಪ ಇತ್ತಲಿಂದ ಬೆರಳು ಎತ್ತುತ್ತಿದ್ದಾನೆ. ಹೊಸ ಗುಳ್ಳೆಯೊಂದು ಸಿಕ್ಕಿದೆಯಂತೆ, ಬಹಳ ಹಳೆಯದಂತೆ. ಅವಳ ಹಿಂದೆ ಕುರ್ಚಿಯ ಮೇಲೆ ಆ ಕಂಬಳಿ ಕಾಣುತ್ತದೆ. ನಾನು ಬಂದದ್ದನ್ನು ಅಪ್ಪ ನೋಡಲೂ ಇಲ್ಲ. ಎಷ್ಟೋ ದಿನದಿಂದ ತಣ್ಣಗಿದ್ದ ಹೊಟ್ಟೆಗೆ ಮತ್ತೆ ಗಾಳಿ ಊದಿದ ಹಾಗಾಯಿತು.

ಅವಳು ಮಾತು ಮುಗಿಸುವ ಮೊದಲು ನನ್ನನ್ನು ಕಂಡು ಕೂಗಿದಳು. “ಅಣ್ಣ, ಇವತ್ತಾದ್ರೂ ಹೇಳು. ಹಿರಿಯೂರು ಸಂತೇಲಿ ಅಪ್ಪ ನಿಂಗೆ ಏನು ಕಲಿಸ್ದ? ಅಪ್ಪನ್ನ ಕೇಳಿದ್ರೆ ನಿನ್ನ ಕೇಳು ಅಂತಾನೆ.”

“ಏನಿಲ್ಲ ಬಿಡವ್ವ, ಕುರಿ ಮಾತು” ಎಂದೆ.

ಕಂಬಳಿ ಮೂಸುವುದನ್ನು ಹೇಳಿದ್ದೇನೆ, ಆಗಲ್ಲ ಎಂದವನ ಹತ್ತಿರ ನೀರು ಕೇಳುವುದನ್ನು ಹೇಳಿದ್ದೇನೆ. ನನ್ನ ಹತ್ತಿರ ಇರುವ ಬುದ್ಧಿಯನ್ನೆಲ್ಲ ಕೇಳದಿದ್ದರೂ ಹಂಚುವವನು ನಾನು. ಆದರೆ ಆ ದಿನ ವಲ್ಲಿಯೊಳಗೆ ಅಪ್ಪ ಹೇಳಿದ ಆ ಒಂದು ಮಾತನ್ನು ಮಾತ್ರ ನನ್ನನ್ನು ಕೇಳಬೇಡಿ. ಸರೋಜಳಿಗೇ ಹೇಳಿಲ್ಲ, ನಿಮಗೆ ಹೇಳುತ್ತೇನಾ?